ಕುದುರೆ ಬಂದ್ರು

ಹೋದ ತಿಂಗಳು ನೈಲ್ಸ್‌ನ ಹಾಲ್‌ನಲ್ಲಿ ತೀರಿಕೊಂಡ ಹಿರಿಯ ಹೆಂಗಸೊಬ್ಬರ ನೆನಪಿಗೆಂದು ಒಂದಷ್ಟು ಜನ ಸೇರಿದ್ದೆವು. ಎರಡು ಮಾತಾಡಿ ಎಂದು ನನ್ನನ್ನೂ ಕರೆದರು. ಎದ್ದು ಹೋದೆ, ಮೈಕು ಸರಿಮಾಡಿಕೊಂಡೆ, ಅವರು ದೊಡ್ಡ ಮನಸ್ಸಿನವರು, ನಮ್ಮ ಮನೆಗೆ ಬೇಕಾದವರು ಎಂದು ಇಂಗ್ಲಿಷಿನಲ್ಲಿ ಯಾರ ಬಗ್ಗೆ ಬೇಕಾದರೂ ಹೇಳಬಹುದಾದ್ದನ್ನು ಹೇಳಿ ಬಂದು ಕುಳಿತೆ. ಹೇಳಬೇಕೆಂದು ಹೋಗಿದ್ದ ಮಾತು ಬೇರೆಯೇ ಇತ್ತು. ಅದು ಇಂಗ್ಲಿಷಿಗೆ ಬರುವುದಿಲ್ಲ. ಒಂದು ಕ್ರಿಯಾಪದದ ತುದಿಯಲ್ಲಿ ನಿಂತಿರುವ ಮಾತು ಅದು, ಆ ತುದಿ ಇಂಗ್ಲಿಷಿನಲ್ಲಿ ಇಲ್ಲ. ಕನ್ನಡದಲ್ಲಾದರೆ ಹೇಳಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ನೈಲ್ಸ್ ಎಂದರೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಫ್ರೀಮಾಂಟ್‌ನ ಒಂದು ಮೂಲೆ. ಕಣಿವೆಯ ಬಾಯಲ್ಲಿ ರೈಲು ಹಳಿ, ಹಳಿಯ ಪಕ್ಕ ಒಂದು ಬೀದಿ, ಬೀದಿಯಲ್ಲಿ ಹಳೆಯ ಸಾಮಾನಿನ ಅಂಗಡಿಗಳು. ಸಿನಿಮಾಕ್ಕೆ ಇನ್ನೂ ಮಾತು ಬಂದಿರದ ಕಾಲದಲ್ಲಿ ಒಂದು ಕಂಪನಿ ಚಿಕಾಗೋದಿಂದ ರೈಲಿನಲ್ಲಿ ಹೊರಟು, ಬಿಸಿಲು ಹುಡುಕುತ್ತಾ ಇಲ್ಲಿಗೆ ಬಂದು ಇಳಿಯಿತು. ಗಾಜಿನ ಸೂರಿನ ಸ್ಟುಡಿಯೋ ಕಟ್ಟಿತು. ವಾರಕ್ಕೊಂದರಂತೆ ಕೌಬಾಯ್ ಚಿತ್ರ ತೆಗೆಯಿತು. ಊರಿನ ದಿನಸಿ ಅಂಗಡಿಯವನು ಒಂದು ವಾರ ಪೊಲೀಸ್ ಆದರೆ ಮುಂದಿನ ವಾರ ಕಳ್ಳ. ನಟರಿಗೂ ಬಡಗಿಗಳಿಗೂ ಇರಲೆಂದು ಸಾಲಾಗಿ ಸಣ್ಣ ಮನೆಗಳನ್ನು ಕಟ್ಟಿಸಿತು. ಕೆಲವು ವರ್ಷ ಹೀಗೆ ನಡೆದು ಒಂದು ದಿನ ಮುಚ್ಚಿಹೋಯಿತು. ಸ್ಟುಡಿಯೋ ಹೋಯಿತು, ಸಾಲುಮನೆಗಳಲ್ಲಿ ಕೆಲವು ಉಳಿದವು. ಅಂಥ ಒಂದು ಮನೆಯಲ್ಲಿ ಅವರು ಇದ್ದರು.

ಮೈಸೂರಿನವರು. ಡಾಕ್ಟರಾಗಿದ್ದ ಗಂಡನ ಜೊತೆ ನಮಗಿಂತ ಒಂದು ತಲೆಮಾರು ಮೊದಲೇ ಬಂದವರು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಗ ಬೇರೆ ರಾಜ್ಯದಲ್ಲಿದ್ದ. ದಿನವೆಲ್ಲ ಮೈಕ್ರೋಸ್ಕೋಪಿನಲ್ಲಿ ಮಾತಾಡದ್ದನ್ನೇ ನೋಡಿ ನೋಡಿ ತಮ್ಮ ಮಾತೆಲ್ಲ ಒಳಗೇ ಸೇರಿಕೊಂಡಿದೆ, ಈಗ ಅದನ್ನು ಖರ್ಚು ಮಾಡಬೇಕು ಎನ್ನುತ್ತಿದ್ದರು. ಖರ್ಚಿಗೇನೂ ಕೊರತೆ ಮಾಡಲಿಲ್ಲ. ಕಾಟನ್ ಸೀರೆ, ಮೇಲೊಂದು ಬೂದು ಸ್ವೆಟರು, ಕಾಲಿಗೆ ಓಡುವವರ ಶೂ. ಈ ವೇಷದಲ್ಲಿ ಶನಿವಾರಗಳಂದು ಬಂದವರನ್ನು ಕರೆದುಕೊಂಡು ಊರು ಸುತ್ತಿಸಿ ಆ ಕಂಪನಿಯ ಕಥೆ ಹೇಳುವುದು ಅವರ ಉದ್ಯೋಗ. ಯಾರೂ ಕೊಟ್ಟದ್ದಲ್ಲ, ತಾವೇ ತೆಗೆದುಕೊಂಡದ್ದು.

ನನಗೆ ಅವರು ಸಿಕ್ಕಿದ್ದು ಇಂಡಿಯನ್ ಗ್ರೋಸರಿಯಲ್ಲಿ. ಡಾಟ್‌ಕಾಮ್ ಎನ್ನುವುದು ನೆತ್ತಿಗೇರಿದ್ದ ಕಾಲ. ಫ್ರೀವೇ ಪಕ್ಕದ ಬೋರ್ಡುಗಳಲ್ಲೆಲ್ಲ ಕಂಪನಿಗಳ ಹೆಸರು, ಯಾವುದು ಏನು ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ. ಕರಿಬೇವಿನ ಮುಂದೆ ನಿಂತು ಹೆಂಡತಿಯ ಜೊತೆ ಫೋನಿನಲ್ಲಿ ನಾನು ಮಾತಾಡುತ್ತಿದ್ದುದನ್ನು ಅವರು ಪೂರ್ತಿ ಕೇಳಿಸಿಕೊಂಡು, ಮಾತು ಮುಗಿದ ಮೇಲೆ, ನಿಮ್ಮ ಕಂಪನಿ ಏನು ಮಾಡುತ್ತೆ ಎಂದು ಕೇಳಿದರು. ಪರಿಚಯವಿಲ್ಲ, ಹೆಸರಿಲ್ಲ, ನೇರ ಅದೇ ಪ್ರಶ್ನೆ. ನಾನು ಉತ್ಸಾಹದಿಂದ ವಿವರಿಸಿದೆ. ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಇಂಟರ್‌ನೆಟ್ಟಿನಲ್ಲೇ ಶುಭಾಶಯ ಕಳಿಸುವ ವ್ಯವಸ್ಥೆ ನಮ್ಮದು. ಅವರು ತಾಳ್ಮೆಯಿಂದ ಕೇಳಿದರು.

"ಅಂದ್ರೆ ಕಾರ್ಡೇ ಇಲ್ದೆ ಕಾರ್ಡು ಮಾರ್ತೀರಿ. ಸರಿ ಬಿಡಪ್ಪ, ನಾನು ಗೋಡೆ ಇಲ್ದೆ ಸ್ಟುಡಿಯೋ ತೋರಿಸ್ತೀನಿ. ಇಬ್ರದೂ ಒಂದೇ ಬಿಸ್ನೆಸ್ಸು."

ನಾನು ಆಂಟಿ ಎಂದೆ. ನಾನು ನಿಮ್ಮಪ್ಪನ ತಂಗಿಯೋ ಅಮ್ಮನ ತಂಗಿಯೋ ಮೊದಲು ತೀರ್ಮಾನ ಮಾಡು, ಆಮೇಲೆ ಕರಿ ಎಂದರು. ತೀರ್ಮಾನವಾಗಲಿಲ್ಲ. ಕೊನೆಯವರೆಗೂ ಆಂಟಿ ಎಂದೇ ಕರೆದೆ, ಕೊನೆಯವರೆಗೂ ಅವರು ಗೊಣಗಿದರು.

ಗೋಡೆ ಇಲ್ಲದ ಸ್ಟುಡಿಯೋ ಎಂದದ್ದು ಸುಳ್ಳಲ್ಲ. ಮುಂದಿನ ಶನಿವಾರ ಹೋದೆವು. ಕೆಲವು ಕನ್ನಡದ ಸಂಸಾರಗಳೂ ಬಂದಿದ್ದವು. ಅವರು ನಮ್ಮನ್ನೆಲ್ಲ ಒಂದು ಬಟಾಬಯಲಿನ ಅಂಚಿಗೆ ಕರೆದುಕೊಂಡು ಹೋಗಿ, ಇಲ್ಲಿ ಗಾಜಿನ ಸೂರು, ಬಿಸಿಲು ಚುಚ್ಚಬಾರದೆಂದು ಅದರ ಕೆಳಗೆ ತೆಳ್ಳನೆಯ ಬಿಳಿ ಬಟ್ಟೆ, ಇಲ್ಲಿ ಮೇಕಪ್ ಕೋಣೆ ಎಂದು ಕೈಯಲ್ಲಿ ತೋರಿಸುತ್ತಾ ಹೋದರು. "ಹುಷಾರು, ಬಾಗ್ಲು ತಗ್ಗಾಗಿದೆ" ಎಂದರು. ನಾನು ಬಗ್ಗಿದೆ. ನನ್ನ ಹಿಂದಿದ್ದ, ಅಮೆರಿಕದಲ್ಲಿ ಎರಡೆರಡು ಡಿಗ್ರಿ ಮಾಡಿದ ಮಹಾನುಭಾವರೂ ಬಗ್ಗಿದರು. ಬಯಲಿನ ನಡುವೆ ನಾವೆಲ್ಲ ಸೊಂಟ ಬಗ್ಗಿಸಿ ನಿಂತದ್ದನ್ನು ನೋಡಿ ಅವರು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು.

ಆ ಕಂಪನಿಯಲ್ಲಿ ಕೆಲವು ದಿನ ಇದ್ದು ಮುಂದೆ ಜಗತ್ತಿಗೇ ಗೊತ್ತಾದ ಹಾಸ್ಯನಟರೊಬ್ಬರಿದ್ದರು. ಬಂದವರೆಲ್ಲ ಅವರ ಬಗ್ಗೆಯೇ ಕೇಳುತ್ತಿದ್ದರು. ಇವರಿಗೆ ಅದು ಆಗದು. ಅವರು ನೆಂಟರು, ಬಂದರು, ಉಂಡರು, ಹೋದರು, ಮನೆಯವರ ಬಗ್ಗೆ ಕೇಳಿ ಎನ್ನುತ್ತಿದ್ದರು. ಮನೆಯವರೆಂದರೆ ಬಡಗಿಗಳು, ಹೊಲಿಗೆಯವರು, ಕುದುರೆ ನೋಡಿಕೊಳ್ಳುವವರು. ತಮ್ಮ ಅಡಿಗೆಮನೆಯ ಗೋಡೆಯಲ್ಲಿದ್ದ ಒಂದು ಮೊಳೆ ಆ ಕಂಪನಿಯ ಬಡಗಿ ಹೊಡೆದದ್ದೆಂದು ಹೇಳಿ ಎಲ್ಲರಿಗೂ ತೋರಿಸುತ್ತಿದ್ದರು. ಅದಕ್ಕೆ ಕಾಫಿ ಸೋಸುವ ಬಟ್ಟೆ ನೇತುಹಾಕಿದ್ದರು.

ಊರಿನಲ್ಲಿ ಈ ಇತಿಹಾಸವನ್ನು ಶ್ರದ್ಧೆಯಿಂದ ಹುಡುಕಿ ಕಾಪಾಡುತ್ತಿದ್ದ ಒಂದು ಗುಂಪು ಇತ್ತು. ಅದರಲ್ಲೊಬ್ಬ ಹಿರಿಯರು ಒಮ್ಮೆ ಎಲ್ಲರೆದುರಿಗೇ, ಆ ಮೊಳೆ ಅಷ್ಟು ಹಳೆಯದಲ್ಲ, ನೋಡಿದರೇ ಗೊತ್ತಾಗುತ್ತದೆ ಎಂದು ಮೆಲ್ಲಗೆ ತಿದ್ದಿದರು. ಇವರು ಸ್ವಲ್ಪವೂ ಬೇಸರಿಸಿಕೊಳ್ಳದೆ, ನೀವು ಹೇಳಿದ್ದು ನಿಜ, ನಾನು ಹೇಳಿದ್ದು ಚೆನ್ನಾಗಿದೆ ಎಂದರು. ಆ ಹಿರಿಯರು ಬಹಳ ಹೊತ್ತು ನಕ್ಕರು. ಇವರ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಆಗ ನಮ್ಮ ಮನೆಯಲ್ಲಿ ನಗು ಕಡಿಮೆಯಾಗಿತ್ತು. ಮಗಳಿಗೆ ಮೂರು ತುಂಬಿತ್ತು, ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಚಪ್ಪಲಿ ತಾ ಎಂದರೆ ತರುತ್ತಿದ್ದಳು, ಬೇಡದ್ದಕ್ಕೆ ತಲೆ ಆಡಿಸುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಡೇಕೇರ್‌ನಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ, ಮಗುವಿಗೆ ಗೊಂದಲವಾಗುತ್ತಿರಬಹುದು, ಸದ್ಯಕ್ಕೆ ಒಂದೇ ಭಾಷೆ ಇಟ್ಟುಕೊಂಡು ನೋಡೋಣ ಎಂದು ಡಾಕ್ಟರು ಹೇಳಿದರು. ಆ ಕಾಲಕ್ಕೆ ಎಲ್ಲರೂ ಹಾಗೇ ಹೇಳುತ್ತಿದ್ದರು, ಅವರದೇನೂ ತಪ್ಪಿಲ್ಲ. ನಾನೂ ಹೆಂಡತಿಯೂ ಮನೆಯಲ್ಲಿ ಇಂಗ್ಲಿಷಿಗೆ ಇಳಿದೆವು. ಆಫೀಸಿನಲ್ಲಿ ಗಂಟೆಗಟ್ಟಲೆ ಇಂಗ್ಲಿಷ್ ಮಾತಾಡುವ ನಮಗೆ ಮಗುವನ್ನು ಮುದ್ದು ಮಾಡಲು ಬೇಕಾದ ಇಂಗ್ಲಿಷ್ ಇರಲಿಲ್ಲ. ಸ್ನಾನ ಮಾಡಿಸುವಾಗ, ತಲೆ ಬಾಚುವಾಗ ಬರುವ ಮಾತೆಲ್ಲ ಗಂಟಲಲ್ಲೇ ನಿಲ್ಲುತ್ತಿತ್ತು. ಮಗಳಿಗೆ ಮಾತು ಬರಲಿ ಎಂದು ಹೊರಟು ನಾವೂ ಮೂಕರಾದೆವು.

ಅಷ್ಟರಲ್ಲಿ ನನ್ನ ಕಂಪನಿ ಮುಳುಗಿತು. ಬೆಳಗ್ಗೆ ಎಲ್ಲರೂ ಮೀಟಿಂಗಿಗೆ ಬನ್ನಿ ಎಂದು ಇಮೇಲು. ಮಧ್ಯಾಹ್ನದ ಹೊತ್ತಿಗೆ ಕಂಪನಿಯೂ ಇಲ್ಲ, ಇಮೇಲೂ ಇಲ್ಲ. ಕೊಲ್ಲಿಯಾಚೆ ಫಾಸ್ಟರ್ ಸಿಟಿಯಲ್ಲಿ ಹೆಂಡತಿಯ ಕೆಲಸ ಉಳಿದಿತ್ತು, ಹಾಗಾಗಿ ಗಂಟುಮೂಟೆ ಕಟ್ಟಬೇಕಾಗಲಿಲ್ಲ. ಆಕೆ ಬೆಳಗ್ಗೆ ಸೇತುವೆ ದಾಟಿ ಹೋದರೆ ನಾನು ಅಪಾರ್ಟ್‌ಮೆಂಟಿನಲ್ಲಿ ಮಗಳ ಎದುರು ಕುಳಿತಿರುತ್ತಿದ್ದೆ. ಡೇಕೇರ್ ಬಿಡಿಸಿದ್ದೆವು. ಅವಳು ಮಾತಾಡುತ್ತಿರಲಿಲ್ಲ, ನನಗೆ ಆಡಲು ಮಾತಿರಲಿಲ್ಲ.

ಸುದ್ದಿ ತಿಳಿದು ಅವರು ಒಂದು ಡಬ್ಬಿ ಬಿಸಿಬೇಳೆಬಾತ್ ತೆಗೆದುಕೊಂಡು ಬಂದರು. ಸಮಾಧಾನವನ್ನೇನೂ ಹೇಳಲಿಲ್ಲ. ತಮ್ಮ ಕಂಪನಿ ಮುಚ್ಚಿದ ಕಥೆ ಹೇಳಿದರು. ಒಂದು ದಿನ ಚಿಕಾಗೋದಿಂದ ತಂತಿ ಬಂತಂತೆ, ಕೆಲಸ ನಿಲ್ಲಿಸಿ ಎಂದು. ಮೇಕಪ್ ಅರ್ಧ ಹಚ್ಚಿಕೊಂಡಿದ್ದವರು ಹಾಗೇ ಮನೆಗೆ ಹೋದರಂತೆ, ಒಂದು ಮುಖದಲ್ಲಿ ಎರಡು ಬಣ್ಣ. ಮೇಕಪ್ಪಿನ ವಿಷಯ ನಿಜವೋ ಚೆನ್ನಾಗಿರುವುದೋ ಎಂದು ಕೇಳಿದೆ. ತಂತಿ ನಿಜ, ಮೇಕಪ್ಪು ಚೆನ್ನಾಗಿದೆ ಎಂದು ಒಪ್ಪಿಕೊಂಡರು.

"ಕಂಪನಿ ಹೋಯ್ತು ಕಣಪ್ಪ, ಬಡಗಿಗಳು ಹೋಗ್ಲಿಲ್ಲ. ಊರಿಗೆ ಬಾಗ್ಲು ಕಿಟಕಿ ಬೇಕೇ ಬೇಕಲ್ಲ. ನಿನಗೂ ಏನೋ ಒಂದು ಸಿಗುತ್ತೆ. ಸಿಗೋವರೆಗೂ ಮಗೂನ ಶನಿವಾರ ಶನಿವಾರ ಟಾಕೀಸಿಗೆ ಕರ್ಕೊಂಡು ಬಾ."

ಟಾಕೀಸು ಎಂದರೆ ನೈಲ್ಸ್‌ನ ಹೋದ ತಿಂಗಳು ನಾವು ಸೇರಿದ್ದ ಅದೇ ಹಾಲ್. ಮಡಚುವ ಕುರ್ಚಿಗಳು, ಒಂದು ಪ್ರೊಜೆಕ್ಟರು, ಮೂಲೆಯಲ್ಲಿ ಪಿಯಾನೋ. ಇತಿಹಾಸದ ಗುಂಪಿನವರು ಅಲ್ಲಿ ಆಗಾಗ ಶನಿವಾರ ಮಧ್ಯಾಹ್ನ ಹಳೆಯ ಮೂಕಿ ಚಿತ್ರ ಹಾಕುತ್ತಿದ್ದರು. ಮಾತಿಲ್ಲದ ಚಿತ್ರ ತೋರಿಸುವ ಜಾಗವನ್ನು ಟಾಕೀಸು ಎನ್ನುವವರು ಪ್ರಪಂಚದಲ್ಲಿ ನಾವು ಮಾತ್ರ ಇರಬೇಕು. ಅದನ್ನು ಹೇಳಿದರೆ ಅವರು, ಟಾಕೀಸು ಅನ್ನೋದು ನನ್ನ ಸಲುವಾಗಿ ಎಂದರು.

ಅದೂ ನಿಜವೇ. ಅವರಿಗೆ ಸುಮ್ಮನೆ ಕುಳಿತು ಸಿನಿಮಾ ನೋಡಲು ಬರುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಅವರ ತಾಯಿಗೆ ಇಂಗ್ಲಿಷ್ ಪಿಕ್ಚರಿನ ಹುಚ್ಚು, ಇಂಗ್ಲಿಷ್ ಮಾತ್ರ ಬಾರದು. ಹೆಂಗಸರ ಸೀಟಿನಲ್ಲಿ ತಾಯಿಯ ಪಕ್ಕ ಕುಳಿತು ಕಿವಿಯಲ್ಲಿ ಕನ್ನಡದ ಕಥೆ ಹೇಳುವುದು ಈ ಮಗಳ ಕೆಲಸ. ಮಗಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ದರಿಂದ ಕಥೆಯೆಲ್ಲ ಅವರದೇ. ತಾಯಿ ಅದನ್ನೇ ಬೀದಿಯವರಿಗೆಲ್ಲ ಹೇಳುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅಮೆರಿಕದಲ್ಲಿ ಆ ಚಿತ್ರಗಳನ್ನು ಮತ್ತೆ ನೋಡಿದರೆ ಕಥೆ ಬೇರೆಯೇ ಆಗಿತ್ತಂತೆ, ಮತ್ತು ತಮ್ಮದರಷ್ಟು ಚೆನ್ನಾಗಿರಲಿಲ್ಲವಂತೆ. ತಾಯಿ ಒಂದು ವಿಷಯದಲ್ಲಿ ಕಟ್ಟುನಿಟ್ಟು. ತೆರೆಯ ಮೇಲಿನವರೆಲ್ಲ ದೊಡ್ಡವರು, ಯಾರನ್ನೂ ಏಕವಚನದಲ್ಲಿ ಕರೆಯಕೂಡದು. ಹಾಗಾಗಿ ಇವರ ಕಥೆಯಲ್ಲಿ ಹೀರೋ ಬಂದ್ರು, ಕಳ್ಳರು ಬಂದ್ರು, ಕೊಲೆ ಮಾಡಿದವರೂ ಸಿಕ್ಕಿಹಾಕ್ಕೊಂಡ್ರು ಪಾಪ. ಕುದುರೆ ಮಾತ್ರ ಬಂತು, ನಾಯಿ ಹೋಯ್ತು.

ಹಾಲ್‌ನವರು ಅವರನ್ನು ಸುಮ್ಮನಿರಿಸಲು ನೋಡಿ ಸೋತು, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನು ಅವರಿಗೆಂದು ಬಿಟ್ಟುಕೊಟ್ಟಿದ್ದರು. ಪಿಯಾನೋ ಸದ್ದಿನಲ್ಲಿ ಅವರ ಪಿಸುಮಾತು ಮುಂದಿನವರಿಗೆ ಅಷ್ಟಾಗಿ ಕೇಳುತ್ತಿರಲಿಲ್ಲ. ಮೊದಲ ಶನಿವಾರ ಅವರು ನನ್ನ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, ಕಿವಿಗೆ ಬಾಯಿಟ್ಟು, ಕನ್ನಡದಲ್ಲಿ ಶುರು ಮಾಡಿಯೇ ಬಿಟ್ಟರು. ನಾನು ತಡೆದೆ. ಆಂಟಿ, ಡಾಕ್ಟರು ಇಂಗ್ಲಿಷ್ ಒಂದೇ ಅಂದಿದ್ದಾರೆ ಎಂದೆ. ಅವರು ತೆರೆಯ ಕಡೆ ಗಲ್ಲ ಎತ್ತಿ ತೋರಿಸಿದರು.

"ಅಲ್ಲಿ ನೋಡು. ಯಾರಾದ್ರೂ ಇಂಗ್ಲಿಷ್ ಮಾತಾಡ್ತಿದಾರಾ? ಇದು ಮಾತಾಡದೆ ಇರೋರ ಊರು ಕಣೋ. ಇಲ್ಲಿ ನಿನ್ನ ಮಗಳನ್ನ ಯಾಕೆ ಮಾತಾಡಲ್ಲ ಅಂತ ಯಾರೂ ಕೇಳಲ್ಲ."

ಸತ್ಯ ಹೇಳಬೇಕೆಂದರೆ, ಎಷ್ಟೋ ದಿನಗಳ ಮೇಲೆ ಮಗಳ ಕಿವಿಗೆ ಕನ್ನಡ ಬೀಳುತ್ತಿದ್ದುದು ನನಗೇ ಹಿತವಾಗಿತ್ತು. ಮತ್ತೆ ತಡೆಯಲಿಲ್ಲ.

ಆ ಬೇಸಿಗೆಯೆಲ್ಲ ಹೀಗೆ ನಡೆಯಿತು. ಎಲ್ಲ ಚಿತ್ರದಲ್ಲೂ ಅದೇ ಕಣಿವೆ, ಅದೇ ಬಂಡೆ, ಅದೇ ಬೀದಿ, ಅಂಗಡಿಯ ಬೋರ್ಡು ಮಾತ್ರ ಬೇರೆ. ಮಗಳು ಅವರಿಗೆ ಒರಗಿ ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನೀರು ಕುಡಿಯಲೆಂದು ಅವರು ಮಾತು ನಿಲ್ಲಿಸಿದರೆ ಸ್ವೆಟರಿನ ತೋಳು ಹಿಡಿದು ಎಳೆಯುತ್ತಿದ್ದಳು. ಮುಂದೆ ಹೇಳು ಎಂದು ಅದರರ್ಥ. ನಮ್ಮ ಮನೆಯಲ್ಲಿ ಅವಳು ಯಾರ ತೋಳನ್ನೂ ಹಾಗೆ ಎಳೆದಿರಲಿಲ್ಲ. ಆದರೂ ಮಾತು ಬರಲಿಲ್ಲ. ವಾಪಸು ಬರುವಾಗ ಪ್ರತಿಸಲವೂ ಕಾರಿನ ಕನ್ನಡಿಯಲ್ಲಿ ಅವಳ ಬಾಯನ್ನೇ ನೋಡುತ್ತಾ ಡ್ರೈವ್ ಮಾಡುತ್ತಿದ್ದೆ. ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದಳು.

ಒಂದು ಶನಿವಾರ ನಾವು ಹೋಗುವಷ್ಟರಲ್ಲಿ ಅವರು ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕುಳಿತಿದ್ದರು. ಏನಾಯಿತು ಎಂದರೆ ಗಂಟಲ ಮೇಲೆ ಕೈಯಿಟ್ಟು, ಎರಡೂ ಅಂಗೈ ಬಿಚ್ಚಿ, ಇಲ್ಲ ಎಂದು ತಲೆ ಆಡಿಸಿದರು. ದನಿ ಪೂರ್ತಿ ಹೋಗಿದೆ. ಆ ಕಂಪನಿಯ ನಟಿಯರೂ ಹೀಗೇ ಮಾಡುತ್ತಿದ್ದರಲ್ಲ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಹಾಗಿದ್ದರೆ ಮನೆಯಲ್ಲಿ ಮಲಗುವುದು ಬಿಟ್ಟು ಯಾಕೆ ಬಂದಿರಿ ಎಂದು ಗದರಿಸಿದೆ. ಮಗಳನ್ನು ಪಕ್ಕದ ಕುರ್ಚಿಗೆ ಎತ್ತಿ ಕೂರಿಸಿಕೊಂಡರು.

ದೀಪ ಆರಿತು. ಹೀರೋ ಬಂದ. ಮಗಳು ಕಾದಳು. ಅವರು ತೆರೆಯನ್ನೇ ನೋಡುತ್ತಾ ಕುಳಿತಿದ್ದರು. ಮಗಳು ತೋಳು ಎಳೆದಳು. ಅವರು ಗಂಟಲು ಮುಟ್ಟಿ ತೋರಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಎಳೆದಳು. ಮತ್ತೆ ಗಂಟಲು. ಮಗಳು ಒಮ್ಮೆ ಅವರ ಮುಖ, ಒಮ್ಮೆ ತೆರೆ ನೋಡಿದಳು. ಅಲ್ಲಿ ಇಷ್ಟೆಲ್ಲ ಆಗುತ್ತಿದೆ, ಈ ಅಜ್ಜಿಗೆ ಯಾರೂ ಹೇಳುತ್ತಿಲ್ಲ. ಕಣಿವೆಯ ತಿರುವಿನಲ್ಲಿ ಧೂಳೆದ್ದಿತು. ಅವಳು ಕುರ್ಚಿಯ ಮೇಲೆ ಮಂಡಿಯೂರಿ ನಿಂತು, ಅವರ ಮಫ್ಲರ್ ಹಿಡಿದು ಬಗ್ಗಿಸಿ, ಕಿವಿಗೆ ಬಾಯಿಟ್ಟು ಹೇಳಿದಳು.

"ಕುದುರೆ ಬಂದ್ರು."

ಪಕ್ಕದಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಅದು ನನ್ನ ಮಗಳ ದನಿ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು, ಯಾಕೆಂದರೆ ನಾನು ಅದನ್ನು ಕೇಳಿರಲೇ ಇಲ್ಲ. ಆಮೇಲೆ ಕಳ್ಳರು ಬಂದ್ರು. ಬಿದ್ರು. ಎದ್ರು. ಕುದುರೆ ಹೋದ್ರು. ಚಿತ್ರ ಮುಗಿಯುವವರೆಗೂ ಒಂದೊಂದೇ ಪದವನ್ನು ಇಳಿಸುತ್ತಾ ಹೋದಳು. ನಾನು ಅಳುತ್ತಿದ್ದೆ, ನಾಚಿಕೆಯೇನೂ ಆಗಲಿಲ್ಲ. ಆದರೂ ನಮ್ಮ ಬುದ್ಧಿ ಎಲ್ಲಿ ಹೋಗುತ್ತದೆ! ಕಣ್ಣೊರೆಸಿಕೊಂಡು ಬಗ್ಗಿ, ಕುದುರೆ ಬಂತು ಅನ್ನಬೇಕು ಪುಟ್ಟಿ ಎಂದೆ. ಅವರು ಕತ್ತಲಲ್ಲಿ ನನ್ನ ಮಂಡಿಗೆ ಚಟ್ ಎಂದು ಒಂದು ಏಟು ಕೊಟ್ಟರು. ತುಟಿ ಬಿಗಿದಿತ್ತು, ಇನ್ನೊಂದು ಕೈ ಕುರ್ಚಿಯ ಅಂಚನ್ನು ಹಿಡಿದಿತ್ತು, ಕೆನ್ನೆ ಒದ್ದೆಯಾಗಿತ್ತು. ಆಚೆ ಬಂದ ಮೇಲೂ ಬರೀ ಕೈಸನ್ನೆ. ಮಗಳ ತಲೆ ಸವರಿ ಮನೆಯ ಕಡೆ ನಡೆದುಬಿಟ್ಟರು.

ಅಂದು ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದಾಗ ಮಗಳು, ಅಮ್ಮ, ಕುದುರೆ ಬಂದ್ರು ಎಂದಳು. ನಮ್ಮ ಮನೆಗೆ ಕನ್ನಡ ವಾಪಸು ಬಂದದ್ದು ಹೀಗೆ. ವಿಷಯ ಕೇಳಿ ಡಾಕ್ಟರಿಗೂ ಖುಷಿಯಾಯಿತು. ಯಾವ ಭಾಷೆಯಲ್ಲಿ ಬಂತೋ ಅದರಲ್ಲೇ ಬರಲಿ ಬಿಡಿ ಎಂದರು. ಇಂಗ್ಲಿಷು ಅದರ ಹಿಂದೆಯೇ ಬಂತು, ಬೇಡವೆಂದರೂ.

ಮುಂದಿನ ವಾರ ಅವರ ಗಂಟಲು ಸರಿಹೋಗಿತ್ತು. ಏನೋ ಕಟ್ಟಿತ್ತು, ಬಿಡ್ತು ಎಂದರು. ನಂಬಿದೆ. ಕುದುರೆಗೆ ಬಹುವಚನ ಯಾಕೆ ಎಂದದ್ದಕ್ಕೆ ಮಾತ್ರ ನಿಂತಲ್ಲೇ ಪಾಠ ಆಯಿತು.

"ಆ ಕಂಪನೀಲಿ ಎಲ್ಲರಿಗಿಂತ ಜಾಸ್ತಿ ದುಡಿದೋರು ಅವ್ರು. ಒಂದು ಪಿಕ್ಚರಲ್ಲೂ ಹೆಸ್ರು ಹಾಕ್ಲಿಲ್ಲ. ಮಗು ಸರಿಯಾಗೇ ಹೇಳಿದೆ, ನೀನು ತಿದ್ದಬೇಡ."

ತಿದ್ದಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಕುದುರೆಗೆ ಬಹುವಚನವೇ. ನನಗೂ ಆಮೇಲೆ ಹತ್ತಿರದ ಕ್ಯಾಂಪ್‌ಬೆಲ್‌ನಲ್ಲಿ ಒಂದು ಕೆಲಸ ಸಿಕ್ಕಿತು. ಅವರು ಹೇಳಿದ್ದಂತೆ ಊರಿಗೆ ಬಾಗಿಲು ಕಿಟಕಿ ಬೇಕೇ ಬೇಕಾಗಿತ್ತು.

ಹೋದ ತಿಂಗಳ ಸಭೆಯಲ್ಲಿ ನನಗಿಂತ ಮುಂಚೆ ಮಾತಾಡಿದ್ದು ಅವರ ಮಗ. ಅವನಿಗೆ ಕನ್ನಡ ತಿಳಿಯುತ್ತದೆ, ಆಡಲು ಬಾರದು. ತಾಯಿಯ ಮಾತಿನ ಬಗ್ಗೆಯೇ ತಮಾಷೆಯಾಗಿ ಹೇಳಿದ. ಅಮ್ಮನಿಗೆ ಎಂಥ ಜ್ವರ ಬಂದರೂ ದನಿ ಮಾತ್ರ ಹೋಗುತ್ತಿರಲಿಲ್ಲ, ಜೀವಮಾನದಲ್ಲಿ ಒಂದು ದಿನ, ಒಂದೇ ಒಂದು ದಿನ ಅವಳ ಗಂಟಲು ಕಟ್ಟಿದ್ದನ್ನು ನಾನು ನೋಡಲಿಲ್ಲ, ನಾನೂ ಅಪ್ಪನೂ ಅದಕ್ಕಾಗಿ ದೇವರನ್ನು ಬೇಡಿಕೊಂಡಿದ್ದುಂಟು ಎಂದ. ಕೊನೆಯ ದಿನ ಆಸ್ಪತ್ರೆಯಲ್ಲೂ ನರ್ಸಿಗೆ ಯಾವುದೋ ಪಿಕ್ಚರಿನ ಕಥೆ ಹೇಳುತ್ತಿದ್ದರಂತೆ. ಹಾಲ್ ತುಂಬ ನಗು.

ನಾನು ನಗಲಿಲ್ಲ. ಆ ಮಫ್ಲರ್ ನೆನಪಾಯಿತು, ಕುರ್ಚಿಯ ಅಂಚು ಹಿಡಿದಿದ್ದ ಕೈ ನೆನಪಾಯಿತು. ತಾಯಿಯ ಪಕ್ಕ ಕುಳಿತ ದಿನದಿಂದ ಒಂದು ಚಿತ್ರವನ್ನೂ ಸುಮ್ಮನೆ ನೋಡಿರದ ಹೆಂಗಸು ಅಂದು ಒಂದು ಇಡೀ ಚಿತ್ರವನ್ನು ಬಾಯಿ ಮುಚ್ಚಿಕೊಂಡು ನೋಡಿದ್ದರು. ತಮ್ಮ ಮಾತನ್ನು ಎತ್ತಿಟ್ಟು ನನ್ನ ಮಗಳಿಗೆ ಜಾಗ ಮಾಡಿಕೊಟ್ಟಿದ್ದರು. ಅಷ್ಟು ವರ್ಷ ನನಗೆ ಅದರ ಸುಳಿವನ್ನೂ ಕೊಟ್ಟಿರಲಿಲ್ಲ. ಅಷ್ಟರಲ್ಲಿ ನನ್ನ ಹೆಸರು ಕರೆದರು, ಹೋಗಿ ಏನೋ ಹೇಳಿ ಬಂದು ಕುಳಿತೆ.

ಮಗಳು ಪಕ್ಕದಲ್ಲಿದ್ದಳು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಮಾತಿಗೆ ಕೂತರೆ ಅವಳ ಬಾಯಿ ಮುಚ್ಚಿಸುವವರಿಲ್ಲ, ಆದರೆ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಅಂದು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು.

"ಅಪ್ಪ, ಅಜ್ಜಿ ಗಂಟ್ಲು ಚೆನ್ನಾಗೇ ಇತ್ತು."

ನಾನು ತಲೆ ಆಡಿಸಿದೆ. ಅವರ ನೆನಪಿಗೆಂದು ಒಂದು ಹಳೆಯ ರೀಲು ಹಾಕುವುದಿತ್ತು. ಬಾಗಿಲ ಪಕ್ಕದ ಕುರ್ಚಿಯನ್ನು ಖಾಲಿ ಬಿಟ್ಟಿದ್ದರು. ದೀಪ ಆರಿತು, ಪಿಯಾನೋ ಶುರುವಾಯಿತು. ಕಣಿವೆಯ ತಿರುವಿನಲ್ಲಿ ಧೂಳೆದ್ದಿತು. ಕುದುರೆ ಬಂದರು.